ಮಸುಯೊ ಗೊತ್ತುಮಾಡಿದ ತಾರೀಖು

ಶಿಯೊಕಾಜೆ ಸಹಕಾರ ಸಂಘದ ಕಚೇರಿಯಲ್ಲಿ ಇಸೊಗಾಯಿ ಮಸುಯೊಗೆ ‘ಮುಂದಿನ ವರ್ಷ’ ಎಂಬ ಅಡ್ಡಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವಳು ಚಹಾ ಕೋಣೆಗೆ ಕಾಲಿಟ್ಟಾಗ ನಗು ತಟ್ಟನೆ ನಿಲ್ಲುತ್ತಿದ್ದ ರೀತಿಯಿಂದಲೇ ಅವಳಿಗೆ ಅದು ಗೊತ್ತಾಗಿತ್ತು. ಮನೆಮನೆಗೆ ದಿನಸಿ, ತರಕಾರಿ, ಹಾಲು, ಮೀನು ಮುಟ್ಟಿಸುವ ಸಂಘ ಅದು. ಸದಸ್ಯರು ಸೋಮವಾರ ಸಂಜೆಯೊಳಗೆ ವೆಬ್‌ಸೈಟಿನಲ್ಲಿ ಬೇಕಾದ್ದನ್ನು ಬರೆದರೆ ಗುರುವಾರ ಲಾರಿ ಬರುತ್ತದೆ. ಆ ವೆಬ್‌ಸೈಟು ಹಳೆಯ ಬ್ರೌಸರುಗಳಿಗೆ, ಹಳೆಯ ಕಂಪ್ಯೂಟರುಗಳಿಗೆ ಎಂದಿನಿಂದ ಬಾಗಿಲು ಮುಚ್ಚಬೇಕು ಎಂಬ ಪ್ರಶ್ನೆ ಪ್ರತಿ ವಸಂತದಲ್ಲೂ ಸಭೆಗೆ ಬರುತ್ತಿತ್ತು. ಪ್ರತಿ ವಸಂತದಲ್ಲೂ ಮಸುಯೊ, “ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದಳು.

ಅವಳ ಮಾತು ನಡೆಯುತ್ತಿದ್ದದ್ದು ಅವಳು ದೊಡ್ಡ ಹುದ್ದೆಯಲ್ಲಿದ್ದಳೆಂದಲ್ಲ, ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತೆಂದು. ಚಿಕ್ಕ ಮಗಳು ಶಾಲೆಗೆ ಸೇರಿದ ವರ್ಷ ಅವಳು ಸಂಘದ ಶೀತಕೋಣೆಯಲ್ಲಿ ತೋಫು, ಮೊಟ್ಟೆ ಜೋಡಿಸುವ ಅರೆಹೊತ್ತಿನ ಕೆಲಸಕ್ಕೆ ಬಂದವಳು. ಬೆರಳುಗಳು ಮರಗಟ್ಟತೊಡಗಿದಾಗ ಅವಳನ್ನು ಫೋನಿನ ಮುಂದೆ ಕೂರಿಸಿದರು. “ಇಸೊಗಾಯಿ-ಸಾನ್ ದನಿಯಲ್ಲಿ ಎಂಥ ತಾಳ್ಮೆ!” ಎಂದು ಮೆಚ್ಚಿದರು. ಅತ್ತೆ ಬದುಕಿರುವಷ್ಟು ಕಾಲವೂ ಅವರ ಜೊತೆ ಒಂದೇ ಒಲೆಯ ಮುಂದೆ ನಿಂತವಳಿಗೆ ಆ ದನಿ ಅಭ್ಯಾಸವಾಗಿತ್ತು. ಅದನ್ನು ಕಲಿತದ್ದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಆಮೇಲೆ ವೆಬ್‌ಸೈಟು ಬಂತು. ಕಚೇರಿಯ ಗಂಡಸರು ಅದನ್ನು ಒಮ್ಮೆ ನೋಡಿ, ಇದು ಸದಸ್ಯರ ಜೊತೆ ಒಡನಾಡುವ ಕೆಲಸ, ಎಂದರೆ ಫೋನಿನ ಹೆಂಗಸರ ಕೆಲಸ ಎಂದು ತೀರ್ಮಾನಿಸಿ ಅವಳ ಮೇಜಿಗೆ ಸಾಗಹಾಕಿದರು. ಹೀಗೆ ಐವತ್ತು ದಾಟಿದ ಮಸುಯೊ, ಬಂದರಿನ ಊರಿನ ಸುತ್ತಲ ಅಷ್ಟೂ ಹಳ್ಳಿಗಳ ಅಡುಗೆಮನೆಗಳು ಯಾವ ಬಾಗಿಲಿನಿಂದ ಸಂಘದೊಳಗೆ ಬರಬೇಕು ಎಂದು ಹೇಳುವವಳಾದಳು.

ಆ ವರ್ಷ ಮಾತ್ರ ಅವಳ ಮಾತು ನಡೆಯುವಂತಿರಲಿಲ್ಲ. ಸದಸ್ಯರ ಮಾಹಿತಿ ಕಾಯುವ ಹಳೆಯ ಬಗೆಯ ಬೀಗದ ಮೇಲೆ ವ್ಯವಹಾರ ನಡೆಸುವವರಿಗೆ ಸೆಪ್ಟೆಂಬರಿನಿಂದ ತಮ್ಮ ಸೇವೆ ಇಲ್ಲ ಎಂದು ಕಾರ್ಡಿನ ಕಂಪನಿ ಹೇಳಿಬಿಟ್ಟಿತ್ತು. ವಿಭಾಗದ ಮುಖ್ಯಸ್ಥ ಕುರಿಮೊತೊ ಸಭೆ ಕರೆದ. ವೆಬ್‌ಸೈಟಿನ ತಾಂತ್ರಿಕ ಕೆಲಸ ಗುತ್ತಿಗೆಯಲ್ಲಿ ಮಾಡಿಕೊಡುತ್ತಿದ್ದ ನೊನಾಕಾ ಎಂಬ ಹುಡುಗಿಯೂ ಬಂದಿದ್ದಳು. ಹುಡುಗಿ ಎಂದು ಕರೆಯುತ್ತಿದ್ದವನು ಕುರಿಮೊತೊ. ಅವಳಿಗೆ ಮೂವತ್ತೈದು ದಾಟಿತ್ತು, ಒಬ್ಬ ಮಗನಿದ್ದ.

“ಹಳೇ ಬ್ರೌಸರಿಗೆ ಹೊಸ ಬೀಗ ತೆಗೆಯೋಕೆ ಬರಲ್ಲ, ಇಸೊಗಾಯಿ-ಸಾನ್,” ಎಂದಳು ನೊನಾಕಾ. “ಅದಕ್ಕೋಸ್ಕರ ನಾವು ಹಳೇ ಬೀಗಾನೂ ಇಟ್ಕೊಂಡಿದೀವಿ. ಕಳ್ಳನಿಗೆ ಅಷ್ಟು ಸಾಕು. ಅವನು ಆ ಕಡೆಯಿಂದ ನುಗ್ಗಿದ್ರೆ ಹೊಸ ಫೋನ್ ಇಟ್ಕೊಂಡಿರೋರ ವಿಷಯಾನೂ ಅವನ ಕೈಲೇ.”

“ಎಷ್ಟು ಜನ ಇದಾರೆ ಹಳಬರು?” ಎಂದ ಕುರಿಮೊತೊ.

“ನೂರಕ್ಕೆ ಇಬ್ಬರು. ಅಷ್ಟೂ ಇಲ್ಲ.”

“ಕೇಳಿಸ್ಕೊಂಡ್ರಾ? ಇಬ್ಬರಿಗೋಸ್ಕರ ಮಿಕ್ಕವರನ್ನೆಲ್ಲ ಬೀದೀಲಿ ನಿಲ್ಲಿಸ್ತೀರಾ?”

“ಆ ಇಬ್ಬರು ಯಾರು?” ಎಂದಳು ಮಸುಯೊ.

“ಹಳೇ ಯಂತ್ರ ಇಟ್ಕೊಂಡಿರೋರು. ಇನ್ಯಾರು?”

ಅದಕ್ಕಿಂತ ಹೆಚ್ಚು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಸುಯೊಗೂ ಗೊತ್ತಿರಲಿಲ್ಲ. ಅವಳು ಇಷ್ಟು ವರ್ಷ ಮುಂದೂಡಿದ್ದು ಯಾರನ್ನೋ ತಿಳಿದು ಅಲ್ಲ, ಬಾಗಿಲು ಮುಚ್ಚುವುದೆಂದರೆ ಆಗದ ಸ್ವಭಾವದಿಂದ. ಸಭೆಯ ನಡುವೆ ನೊನಾಕಾ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ತೆಳ್ಳನೆಯ ಗೋಡೆಯಾಚೆಯಿಂದ ಕೇಳಿಸುತ್ತಿತ್ತು: “ಅಮ್ಮಾ, ಇವತ್ತೂ ನೀನೇ ಕರ್ಕೊಂಡು ಬಾ. ಹೂಂ, ಜ್ವರದ ಔಷಧಿ ಚೀಲದಲ್ಲಿದೆ. ಗೊತ್ತು, ನಿನ್ನೇನೂ ಹೀಗೇ ಅಂದೆ.” ವೆಬ್‌ಸೈಟಿನಲ್ಲಿ ಒಂದು ಸಾಲು ಬದಲಾದರೂ ಅವಳು ತನ್ನ ಮೇಜಿನಡಿ ಇಟ್ಟುಕೊಂಡ ಹಳೆಯ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಿ, ಎಲ್ಲದರಲ್ಲೂ ನೋಡಬೇಕಿತ್ತು. ತಾನು ತೋರಿದ ದಯೆಗೆಲ್ಲ ಇನ್ನೊಬ್ಬ ಹೆಂಗಸಿನ ಸಂಜೆಗಳು ಖರ್ಚಾಗಿದ್ದವು ಎಂಬುದು ಮಸುಯೊಗೆ ಆ ಗೋಡೆಯ ಪಕ್ಕ ಕುಳಿತಾಗ ತಿಳಿಯಿತು. ನೊನಾಕಾ ಒಳಗೆ ಬಂದು ಕುಳಿತ ಮೇಲೆ ಮಸುಯೊ ತಾನಾಗಿ ಬಾಯಿಬಿಟ್ಟಳು:

“ಜುಲೈ ಕೊನೆ. ಆಗಸ್ಟಿಂದ ಹಳೇದು ಬೇಡ.”

ಕುರಿಮೊತೊ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ.

ಪುಟದ ಮೇಲೆಯೇ ಒಂದು ತಿಂಗಳು ಸೂಚನೆ ಹಾಕೋಣ ಎಂದಳು ನೊನಾಕಾ. ಕುರಿಮೊತೊ ಒಪ್ಪಲಿಲ್ಲ. “ಒಬೊನ್ ಹಬ್ಬ ಹತ್ರ ಬರ್ತಿದೆ, ಮನೆಮನೆಗೂ ನೆಂಟರು. ಎಚ್ಚರಿಕೆ ಅಂತ ಕಂಡ್ರೆ ನೆಟ್ಟಗಿರೋರೂ ಹೆದರಿ ಫೋನ್ ಮಾಡ್ತಾರೆ. ಎತ್ತೋರು ಯಾರು?” ಎತ್ತುವವರು ಮಸುಯೊ ಮತ್ತು ಇನ್ನಿಬ್ಬರು ಹೆಂಗಸರು. ಹಬ್ಬದ ವಾರದ ಫೋನುಗಳನ್ನು ನೆನೆದು ಅವಳೇ, “ಮೊಬೈಲಿಗೆ ಒಂದು ಸಂದೇಶ ಕಳಿಸಿದ್ರಾಯ್ತು” ಎಂದಳು. ಅದನ್ನು ಅವಳೇ ಬರೆದಳು. ತುಂಬ ವಿನಯದಿಂದ, ತುಂಬ ಸ್ಪಷ್ಟವಾಗಿ ಬರೆದಳು.

ಆ ಸಂದೇಶ ಊರಿಗೆಲ್ಲ ಹೋದ ಸಂಜೆ ಅವಳು ಮನೆಯಲ್ಲಿ ಬಂಗುಡೆ ಮೀನನ್ನು ಹುದುಗಿಸಿದ ಸೋಯಾದ ಮಿಸೊದಲ್ಲಿ ಬೇಯಿಸುತ್ತಿದ್ದಳು. ಗಂಡ ತೆತ್ಸುರೋ ಊಟದ ಮೇಜಿನ ಮುಂದೆ ಕುಳಿತು, ಮೀನು ಬರುವ ದಾರಿ ನೋಡುತ್ತಿದ್ದ. ಅವನ ಫೋನು ಗುಂಯ್ ಎಂದಿತು.

“ನಿಮ್ಮ ಸಂಘದ್ದು ಕಣೇ.”

“ಓದಿ ಓದಿ. ನಾನೇ ಬರೆದಿದ್ದು.”

“‘ತಾವು ಬಳಸುತ್ತಿರುವ ಬ್ರೌಸರ್...’ ಅಯ್ಯಪ್ಪ, ಏನಿದು, ಕಲ್ಲಿನ ಮೇಲೆ ಕೆತ್ತಿಸೋಕೆ ಬರೆದಿದೀಯಾ?” ಎಂದು ಅವನು ಹೆಬ್ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿದ. “ಮೀನಾಯ್ತಾ?”

ಮಸುಯೊ ನಕ್ಕು ಒಲೆಯ ಕಡೆ ತಿರುಗಿದಳು. ಆ ಮನೆಯಲ್ಲಿ ಸಂಘದಿಂದ ಸಾಮಾನು ತರಿಸುವವಳು ಅವಳು. ಸಂದೇಶ ಬಂದದ್ದು ಅವನಿಗೆ. ಅವಳಿಗೆ ಅದು ವಿಚಿತ್ರವೆನ್ನಿಸಲೇ ಇಲ್ಲ. ಸದಸ್ಯತ್ವ ಯಜಮಾನನ ಹೆಸರಿನಲ್ಲಿ, ಹಣ ಹೋಗುವುದು ಯಜಮಾನನ ಖಾತೆಯಿಂದ, ಹಾಗಾಗಿ ನಂಬರೂ ಯಜಮಾನನದೇ. ಅವರ ಮನೆಯಲ್ಲಿ ಹಾಗಿತ್ತು, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ದಿನವೂ ದಾಟಿಹೋಗುವ ಗೇಟಿನ ಮೇಲಿನ ಹೆಸರಿನ ಹಲಗೆಯನ್ನು ಯಾರು ನಿಂತು ಓದುತ್ತಾರೆ?

ಆಗಸ್ಟಿನ ಮೊದಲ ಸೋಮವಾರ ಫೋನುಗಳು ಹೆಚ್ಚು ಬರಲಿಲ್ಲ. ಕುರಿಮೊತೊ ಖುಷಿಯಾಗಿ ಎಲ್ಲರಿಗೂ ಸಿಹಿ ಹುರುಳಿಯ ಬನ್ನು ತರಿಸಿದ. “ನೋಡಿದ್ರಾ ಇಸೊಗಾಯಿ-ಸಾನ್, ಯಾರೂ ಸಾಯ್ಲಿಲ್ಲ!” ಮಸುಯೊ ಬನ್ನು ಕಚ್ಚುತ್ತ, ಒಟ್ಟಾಗಿ ಸಾಮಾನು ತರಿಸುವ ಗುಂಪುಗಳ ಪುಟ ತೆರೆದಳು. ಕಾಮಿದಾನಿಯ ಮುಂದೆ ಏನೂ ಇರಲಿಲ್ಲ.

ಕಾಮಿದಾನಿ ಗುಡ್ಡದ ಮೇಲಿನ ಕೇರಿ. ಅಲ್ಲಿದ್ದ ಒಂದೇ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅಲ್ಲಿ ಏಳು ಮನೆಗಳ ಒಂದು ಗುಂಪು. ಹಳೆಯ ಪದ್ಧತಿಯಂತೆ ಏಳೂ ಮನೆಯ ಹೆಂಗಸರು ತಮಗೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೊಕಿವಾ ಇತ್ಸುಕೊಗೆ ಕೊಡುತ್ತಿದ್ದರು. ಅವಳು ಎಲ್ಲವನ್ನೂ ಕೂತು ವೆಬ್‌ಸೈಟಿಗೆ ಏರಿಸುತ್ತಿದ್ದಳು. ಗುರುವಾರ ಲಾರಿ ಅವಳ ಮನೆಯ ಕಾರು ಶೆಡ್ಡಿನಲ್ಲಿ ಪೆಟ್ಟಿಗೆ ಇಳಿಸುತ್ತಿತ್ತು, ಹೆಂಗಸರು ಬಂದು ಹಂಚಿಕೊಳ್ಳುತ್ತಿದ್ದರು. ಸಂಘದ ಎಣಿಕೆಯಲ್ಲಿ ಆ ಏಳು ಮನೆ ಒಂದು ಯಂತ್ರ. ಮಸುಯೊ ಫೋನು ಎತ್ತಿದಳು.

“ತೊಕಿವಾ-ಸಾನ್, ಈ ವಾರ ನಿಮ್ಮ ಗುಂಪಿಂದ ಏನೂ ಬಂದಿಲ್ವಲ್ಲ?”

“ಎಲ್ಲಿಂದ ಬರತ್ತೆ? ಬೆಳಿಗ್ಗೆಯಿಂದ ಒತ್ತಿ ಒತ್ತಿ ಬೆರಳು ಸವೀತು. ಬಿಳೀ ಪುಟ ಬಿಟ್ರೆ ಮತ್ತೇನಿಲ್ಲ. ಒಬೊನ್‌ಗೆ ಫುಮಿ ಮನೇಗೆ ನಾದಿನಿಯರೆಲ್ಲ ಸಂಸಾರ ಸಮೇತ ಬರ್ತಿದಾರೆ, ಅವಳು ಇಲ್ಲೇ ನನ್ನ ತಲೆ ಮೇಲೆ ಕೂತಿದಾಳೆ.”

“ಮುಂಚೆಯೇ ಸಂದೇಶ ಕಳಿಸಿದ್ವಲ್ಲ...”

“ನನಗೆ? ನನಗೆ ಸಂದೇಶ ಕಳ್ಸೋದು ಹಲ್ಲಿನ ಡಾಕ್ಟ್ರು ಒಬ್ಬರೇ ಕಣ್ರೀ.”

ಮಸುಯೊ ಸದಸ್ಯರ ವಿವರ ತೆರೆದಳು. ತೊಕಿವಾ ಶುನ್‌ಸಾಕು. ಅವನದೇ ನಂಬರು. ಪಕ್ಕದ ಮನೆ, ಅದರ ಪಕ್ಕದ ಮನೆ, ಬೇರೆ ಕೇರಿ, ಬೇರೆ ಗುಂಪು, ಎಲ್ಲೆಲ್ಲೂ ಗಂಡಸಿನ ಹೆಸರು, ಗಂಡಸಿನ ನಂಬರು. ತನ್ನ ಮನೆಯ ಮೇಜಿನ ಮೇಲೆ ಹೆಬ್ಬೆರಳಿನ ಒಂದು ಸರಿತಕ್ಕೆ ಆ ಸಂದೇಶ ಹೋದದ್ದನ್ನು ಅವಳು ಕಣ್ಣಾರೆ ನೋಡಿದ್ದಳು, ನೋಡಿ ನಕ್ಕಿದ್ದಳು.

“ಯಾವ ಕಂಪ್ಯೂಟರ್ ನಿಮ್ಮದು, ತೊಕಿವಾ-ಸಾನ್?”

“ನನ್ನದೆಲ್ಲಿ ಬಂತು? ಇವರು ಹೊಸದು ತಗೊಂಡಾಗ ಇದನ್ನ ಎಸೆಯೋಕೆ ಅಂತ ಹಿತ್ತಲ ಬಾಗಿಲಲ್ಲಿ ಇಟ್ಟಿದ್ರು. ನಾನು ತಂದು ಅಕ್ಕಿ ಡಬ್ಬದ ಪಕ್ಕ ಇಟ್ಕೊಂಡೆ.”

ಆ ದಿನ ಫೋನು ಮಾಡಿದ ಕೆಲವೇ ಹೆಂಗಸರನ್ನೂ ಮಸುಯೊ ಅದನ್ನೇ ಕೇಳಿದಳು. ಮಗ ಬಿಟ್ಟುಹೋದದ್ದು. ಗಂಡನ ಆಫೀಸಿನಲ್ಲಿ ಬೇಡವಾದದ್ದು. ಮೊಮ್ಮಗಳು ಒಡೆದ ಮೇಲೆ ಅಜ್ಜಿಗೆ ಬಂದದ್ದು. ಹೊಸ ಯಂತ್ರ ಮನೆಗೆ ಬಂದರೆ ಅದು ಗಂಡಸಿನ ಕೋಣೆಯ ಮೇಜಿಗೆ ಹೋಗುತ್ತದೆ, ಅಲ್ಲಿ ಸವೆದ ಮೇಲೆ ಮಕ್ಕಳ ಕೋಣೆಗೆ, ಯಾರಿಗೂ ಬೇಡವಾದ ಮೇಲೆ ಅಡುಗೆಮನೆಗೆ. ನೂರಕ್ಕೆ ಇಬ್ಬರು ಯಾರು ಎಂದು ಅವಳಿಗೆ ಈಗ ತಿಳಿಯಿತು. ತಾರೀಖು ಗೊತ್ತುಮಾಡಿದ ಮೇಲೆ ತಿಳಿಯಿತು.

ಅವಳು ನೊನಾಕಾಗೆ ಫೋನು ಮಾಡಿ, ಕುರಿಮೊತೊನ ಮೇಜಿನ ಮೇಲೆ ಸ್ಪೀಕರಿಗೆ ಹಾಕಿದಳು. “ಹಬ್ಬ ಮುಗಿಯೋ ತನಕ ಹಳೇ ಬೀಗ ಮತ್ತೆ ಹಾಕೋಕಾಗತ್ತಾ?”

“ಆಗತ್ತೆ. ನೀವು ಹೂಂ ಅಂದ್ರೆ ಈಗಲೇ ಮಾಡ್ತೀನಿ,” ಎಂದಳು ನೊನಾಕಾ. “ಆದ್ರೆ ಎಲ್ಲರೂ ಕಾರ್ಡ್ ಹಾಕಿ ಹಾಕಿ ಕೊಳ್ಳೋ ವಾರ ಇದು. ಏನಾದ್ರೂ ಆದ್ರೆ ಈ ವಾರಾನೇ ಆಗತ್ತೆ.”

“ತಾರೀಖು ಹೇಳಿದ್ದು ನೀವು,” ಎಂದ ಕುರಿಮೊತೊ. “ಈಗಲೂ ನೀವೇ ಹೇಳಿ.”

ಮಸುಯೊಗೆ ಫುಮಿಯ ನಾದಿನಿಯರು ಕಣ್ಣಮುಂದೆ ಬಂದರು. ಜೊತೆಗೆ, ಏನೂ ಅರಿಯದೆ ಕಾರ್ಡಿನ ನಂಬರು ಒತ್ತುತ್ತಿರುವ ಇಡೀ ಊರು ಬಂತು. “ಬೇಡ,” ಎಂದಳು. ಕಾರಿನ ಕೀಲಿ ತೆಗೆದುಕೊಂಡು, ಸಂಜೆಯಾಗುವ ಮೊದಲು ಅಷ್ಟೂ ಚೀಟಿ ತನ್ನ ಫೋನಿನಲ್ಲೇ ಏರಿಸಿಬಿಡುತ್ತೇನೆಂದು ಕಾಮಿದಾನಿಗೆ ಹೊರಟಳು.

ಅಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ತೊಕಿವಾ ಶುನ್‌ಸಾಕು ಬಾಗಿಲಲ್ಲೇ ಸಿಕ್ಕ. ದೋಣಿ ಕಂಪನಿಯ ಕಚೇರಿಯಲ್ಲಿದ್ದು ನಿವೃತ್ತನಾದವನು, ಇಸ್ತ್ರಿಯ ಅಂಗಿ, ಮೂಗಿನ ತುದಿಗೆ ಕನ್ನಡಕ. “ಬನ್ನಿ ಬನ್ನಿ! ಎಲ್ಲ ಆಗ್ಹೋಯ್ತು. ನನ್ನ ಕಂಪ್ಯೂಟರಲ್ಲಿ ಒಂದು ಗಂಟೇನೂ ಹಿಡೀಲಿಲ್ಲ. ಇವಳು ಆ ಹಳೇ ಡಬ್ಬದ ಮುಂದೆ ಅರ್ಧ ದಿನ ಕೂತಿರ್ತಿದ್ಲು. ಮದುವೆ ಆದಾಗಿಂದ ನನ್ನ ಹತ್ರ ಒಂದು ಸಹಾಯ ಕೇಳಿದವಳಲ್ಲ ನೋಡಿ. ಇನ್ಮೇಲೆ ಸೋಮವಾರ ಎಲ್ಲಾ ನನ್ನದೇ ಜವಾಬ್ದಾರಿ.”

“ನಿಮಗೆ ಸಂದೇಶ ಬಂದಿತ್ತಾ, ತೊಕಿವಾ-ಸಾನ್?”

“ಬಂದಿತ್ತು ಬಂದಿತ್ತು. ನನ್ನ ಕಂಪ್ಯೂಟರ್ ಹೊಸದು, ನನಗಲ್ಲ ಅಂತ ಬಿಟ್ಟೆ.”

ಇತ್ಸುಕೊ ತಣ್ಣನೆಯ ಬಾರ್ಲಿ ಚಹಾ ತಂದಿಟ್ಟಳು. ಗಂಡನ ಮೊಣಕೈ ಪಕ್ಕ ಏಳು ಮನೆಗಳ ಚೀಟಿಗಳು ಅಂಚು ಸರಿಯಾಗಿ ಜೋಡಿಸಿ ಕೂತಿದ್ದವು. ಮಸುಯೊಗೆ ಎದೆಯ ಮೇಲಿನ ಭಾರ ಇಳಿದಿತ್ತು, ಬೇರೆ ಏನನ್ನೂ ನೋಡುವ ಮನಸ್ಸಿರಲಿಲ್ಲ. ಚಹಾ ಕುಡಿದು, ಅವರು ಕೊಟ್ಟ ಸೌತೆಕಾಯಿ ಚೀಲ ಹಿಡಿದು, ತಲೆಬಾಗಿ ಬಾಗಿ ವಂದಿಸಿ ಇಳಿದು ಬಂದಳು.

ಹಬ್ಬ ಕಳೆಯಿತು. ಸೆಪ್ಟೆಂಬರಿನಲ್ಲಿ ಚಳಿಗಾಲದ ಸರಕಿನ ಅಂದಾಜಿಗೆ ಕುಳಿತಾಗ ಮಸುಯೊಗೆ ಕಾಮಿದಾನಿಯ ಸಾಲಿನಲ್ಲಿ ಏನೋ ಬದಲಾದಂತೆ ಕಂಡಿತು. ಹೆಚ್ಚಿಟ್ಟ ತರಕಾರಿಯ ಪೊಟ್ಟಣ ಒಂದೂ ಇಲ್ಲ. ಎಣ್ಣೆಗೆ ಬಿಟ್ಟರೆ ಸಾಕಾಗುವ, ಮಂಜುಗಟ್ಟಿಸಿದ ಆಲೂಗಡ್ಡೆ ಕಟ್ಲೆಟ್ಟು ಕೊರೊಕ್ಕೆ ಇಲ್ಲ. ಬೇಯಿಸಿಟ್ಟ ಕಡಲ ಸೊಪ್ಪಿಲ್ಲ, ವಯಸ್ಸಾದ ಹೆಂಗಸರು ಒಳಬಟ್ಟೆಗೆ ಇಟ್ಟುಕೊಳ್ಳುವ ಪ್ಯಾಡುಗಳಿಲ್ಲ, ಪ್ಲಮ್ ಹಣ್ಣಿನ ಮದ್ಯದ ಸಣ್ಣ ಬಾಟಲಿಗಳಿಲ್ಲ. ಅವುಗಳ ಜಾಗದಲ್ಲಿ ಇಡೀ ಮೂಲಂಗಿ, ಇಡೀ ಕುಂಬಳ, ಮಣ್ಣು ಮೆತ್ತಿದ ಗೊಬೊ ಬೇರು. ಪುಸ್ತಕದಲ್ಲಿ ಬರುವಂಥ ಒಳ್ಳೆಯ ಗೃಹಿಣಿಯರು ಏಳು ಜನ ಒಂದೇ ತಿಂಗಳಲ್ಲಿ ಆ ಗುಡ್ಡ ಹತ್ತಿ ನೆಲೆಸಿದಂತಿತ್ತು.

ಗುರುವಾರ ಅವಳು ಲಾರಿಯಲ್ಲಿ ಕೂತು ಮೇಲೆ ಹೋದಳು. ಶುನ್‌ಸಾಕು ಮನೆಯಲ್ಲಿರಲಿಲ್ಲ. ಶೆಡ್ಡಿನಲ್ಲಿ ಹೆಂಗಸರು ಪೆಟ್ಟಿಗೆ ಬಿಚ್ಚುತ್ತಿದ್ದರು. ಫುಮಿ ಎಂಬ ಗಿಡ್ಡ ಹೆಂಗಸು ಒಂದು ಗೊಬೊ ಬೇರನ್ನು ಕತ್ತಿಯ ಹಾಗೆ ಮಸುಯೊ ಕಡೆ ಚಾಚಿದಳು.

“ನೋಡಿ ಇಸೊಗಾಯಿ-ಸಾನ್, ನನ್ನ ಬೆರಳು ನೋಡಿ, ಶುಂಠಿ ಬೇರಿನ ಹಾಗಾಗಿದೆ. ಈ ಕೈಯಲ್ಲಿ ಇದನ್ನ ಕೆರೆದು, ಸಣ್ಣಗೆ ಹೆಚ್ಚಿ, ಹುರೀಬೇಕಂತೆ.”

“ಮೊದಲು ಹೆಚ್ಚಿದ್ದನ್ನೇ ತರಿಸ್ತಿದ್ರಲ್ಲ?”

“ಮೊದಲು ಚೀಟಿ ಏರಿಸ್ತಿದ್ದವಳು ಈ ಇತ್ಸುಕೊ. ಈಗ ಏರಿಸೋರು ಇವಳ ಯಜಮಾನರು. ಶನಿವಾರ ಅವರು ನಮ್ಮವರ ಜೊತೆ ಕಪ್ಪು-ಬಿಳಿ ಕಾಯಿ ಇಟ್ಕೊಂಡು ಗೋ ಆಡ್ತಾರೆ. ‘ಏನಯ್ಯಾ, ಹೆಂಡತಿ ಕೈ ಕೊರೊಕ್ಕೆ ಅಂತ ಊರೆಲ್ಲ ಹೊಗಳ್ತಿದ್ದೆ, ಅದು ಬರೋದು ಐಸ್ ಪೆಟ್ಟಿಗೇಲಿ’ ಅಂದ್ರಂತೆ. ಅಲ್ಲಿದ್ದ ಗಂಡಸರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರಂತೆ. ನಮ್ಮನೇಲಿ ಮಾತ್ರ ಯಾರೂ ನಗಲಿಲ್ಲ.”

“ನಾನು ಪ್ಯಾಡ್ ಬರೆಯೋದೇ ಬಿಟ್ಟೆ,” ಎಂದಳು ಹಿಂದೆ ನಿಂತಿದ್ದ ಇನ್ನೊಬ್ಬಳು. “ಬಸ್ ಹಿಡಿದು ಊರಿಗೆ ಹೋಗ್ತೀನಿ. ಕೆಮ್ಮಿದ್ರೆ ನನಗೆ ಏನಾಗತ್ತೆ ಅಂತ ಗೋ ಆಡೋರಿಗೆಲ್ಲ ಯಾಕೆ ಗೊತ್ತಾಗ್ಬೇಕು?”

“ಇತ್ಸುಕೊ-ಸಾನ್ ನೋಡ್ತಿದ್ರಲ್ಲ ನಿಮ್ಮ ಚೀಟಿ?” ಎಂದಳು ಮಸುಯೊ.

“ಅವಳು ನೋಡಿದ್ರೇನು? ಅವಳ ಬಂಡವಾಳ ನಮಗೆ ಗೊತ್ತು, ನಮ್ಮದು ಅವಳಿಗೆ ಗೊತ್ತು.”

ಮಸುಯೊ ತಡವರಿಸಿದಳು. “ನಾನೂ ನೋಡ್ತೀನಿ, ಕಚೇರೀಲಿ. ಅದಕ್ಕೇ ಬಂದೆ.”

ಫುಮಿ ಅವಳನ್ನು ಮೇಲಿಂದ ಕೆಳಗೆ ಅಳೆದಳು. “ನೋಡ್ತೀರಾ? ನೋಡ್ಕೊಳ್ಳಿ. ನೀವು ಗೋ ಆಡಲ್ಲವಲ್ಲ.” ಎಲ್ಲರೂ ನಕ್ಕರು, ಮಸುಯೊಳ ಕಿವಿ ಮಾತ್ರ ಬಿಸಿಯಾಯಿತು.

ಇತ್ಸುಕೊ ಅಷ್ಟು ಹೊತ್ತೂ ಮೊಟ್ಟೆ ಎಣಿಸಿ ಏಳು ಬುಟ್ಟಿಗೆ ಹಾಕುತ್ತಿದ್ದಳು. ಹೆಂಗಸರು ಹೋದ ಮೇಲೆ ಹೇಳಿದಳು: “ಆ ಡಬ್ಬ ಒಂದು ಪುಟ ತೆರೆಯೋ ಹೊತ್ತಿಗೆ ಅಕ್ಕಿ ತೊಳೆದಿಡಬಹುದಿತ್ತು. ಅಷ್ಟು ನಿಧಾನ. ಯಾರಿಗೂ ಬೇಡದ್ದು ಅಂತ ಯಾರೂ ಅದರೊಳಗೆ ಇಣುಕ್ತಿರಲಿಲ್ಲ. ಈ ಮನೇಲಿ ಅದೊಂದಕ್ಕೇ ಆ ಭಾಗ್ಯ ಇತ್ತು.”

“ಅವರಿಗೆ ಹೇಳಿಬಿಡಿ, ನಾನೇ ಮಾಡ್ತೀನಿ ಅಂತ.”

“ಹೇಗೆ ಹೇಳ್ಲಿ? ನಿವೃತ್ತಿ ಆದಮೇಲೆ ಬೆಳಿಗ್ಗೆ ಎದ್ರೆ ಏನ್ ಮಾಡ್ಬೇಕು ಅಂತ ತಿಳೀದೆ ಮನೆ ತುಂಬ ಸುತ್ತೋರು. ಈಗ ಸೋಮವಾರ ಅಂದ್ರೆ ಗಡ್ಡ ಹೆರ್ಕೊಂಡು ಕೂತಿರ್ತಾರೆ. ಒಂದು ಕೆಲಸ ಸಿಕ್ತಲ್ಲ ಅಂತ ನನಗೂ ಅನ್ಸತ್ತೆ. ಆದ್ರೆ ಚೀಟಿ ಕೊಡೋವಾಗ ಫುಮಿ ನನ್ನ ಮುಖ ನೋಡಲ್ಲ ಈಗ.”

ಸಂಘವೇ ಇಂಥ ಗುಂಪುಗಳಿಗೆ ಒಂದೊಂದು ಟ್ಯಾಬ್ಲೆಟ್ ಕೊಡಲಿ ಎಂದು ಮಸುಯೊ ಕುರಿಮೊತೊನನ್ನು ಕೇಳಿದಳು. “ನಾವು ತೋಫು ಮಾರೋರು, ಇಸೊಗಾಯಿ-ಸಾನ್,” ಎಂದು ಅವನು ನಕ್ಕ. “ಅಲ್ಲದೆ ಯಜಮಾನರೇ ಕೈ ಜೋಡಿಸ್ತಿದಾರೆ ಅಂದ್ರೆ ಖುಷಿ ಪಡ್ಬೇಕು. ಗಂಡಸರೂ ಮನೆಕೆಲಸ ಮಾಡ್ಲಿ ಅಂತ ನಮ್ಮ ತಿಂಗಳ ಪತ್ರಿಕೇಲಿ ಬರೆದವರು ನೀವೇ ತಾನೆ?”

ಇದಕ್ಕೆ ಉತ್ತರ ಅವಳಿಗೆ ಮನೆಗೆ ಹೋಗಿ ಅಕ್ಕಿ ತೊಳೆಯುವಾಗ ಹೊಳೆಯಿತು. ಹೆಚ್ಚುವುದು, ತೊಳೆಯುವುದು, ಪೆಟ್ಟಿಗೆ ಹೊರುವುದು ಎಲ್ಲ ಇದ್ದಲ್ಲೇ ಇತ್ತು. ಕುರ್ಚಿಯ ಮೇಲೆ ಕೂತು ಮಾಡುವ ಒಂದೇ ಒಂದು ಕೆಲಸವನ್ನು ಶುನ್‌ಸಾಕು ತೆಗೆದುಕೊಂಡಿದ್ದ, ಏಳೂ ಮನೆಯ ಉಳಿದ ಕೆಲಸ ಅದರಿಂದ ಹೆಚ್ಚಾಗಿತ್ತು. ಆದರೆ ಇದನ್ನು ಕುರಿಮೊತೊನಿಗೆ ಹೇಳಿದರೆ ಅವನು ಮತ್ತೊಮ್ಮೆ ನಗುತ್ತಾನೆ ಎಂದೂ ಅವಳಿಗೆ ತಿಳಿದಿತ್ತು.

ಸಂಘದ ನಿಯಮದಲ್ಲಿ ಒಂದು ಮನೆಗೆ ಒಬ್ಬರೇ ಸದಸ್ಯರು ಎಂದು ಎಲ್ಲೂ ಇರಲಿಲ್ಲ. ಹಾಗೆಂದು ಎಲ್ಲರೂ ನಂಬಿದ್ದರು, ಅಷ್ಟೆ. ಇತ್ಸುಕೊ ತನ್ನ ಹೆಸರಿನಲ್ಲಿ, ತನ್ನ ಅಂಚೆ ಖಾತೆಯಿಂದ, ತನ್ನ ನಂಬರಿನಿಂದ ಸೇರಬಹುದಿತ್ತು. ಮಸುಯೊ ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದಳು. ಮುಂದಿನ ಬುಧವಾರ ಇತ್ಸುಕೊ, ದಂತವೈದ್ಯರ ಹತ್ತಿರ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಬೆಳಗಿನ ಬಸ್ಸಿಗೆ ಇಳಿದು ಬಂದಳು. ಇಬ್ಬರೂ ಸ್ಟೇಷನ್ನಿನ ಹಿಂದಿನ ಹಳೆಯ ಯಂತ್ರಗಳ ಅಂಗಡಿಗೆ ಹೋದರು. ಅಂಗಡಿಯವನು ಫಳಫಳ ಹೊಳೆಯುವುದನ್ನು ಮುಂದಿಟ್ಟ.

“ಇದಕ್ಕಿಂತ ಗೀರು ಬಿದ್ದಿರೋದು ಇಲ್ವಾ?” ಎಂದಳು ಇತ್ಸುಕೊ.

“ಗೀರು ಬಿದ್ದಿರೋದಾ, ಅಮ್ಮಾ?”

“ಹೂಂ. ಹೊರಗಿಂದ ಕೆಟ್ಟದಾಗಿರ್ಬೇಕು, ಒಳಗೆ ಸರಿ ಇರ್ಬೇಕು. ಹೊಸದರ ಹಾಗೆ ಕಂಡ್ರೆ ಭಾನುವಾರದೊಳಗೆ ಅದು ಮೊಮ್ಮಗನ ಕೈಲಿರತ್ತೆ.”

ಅಂಗಡಿಯವನು ಮೂಲೆಯ ಪೆಟ್ಟಿಗೆ ಕೆದಕಿ, ಅಂಚು ಒಡೆದು, ಬೆನ್ನ ಮೇಲೆ ಯಾವುದೋ ಮಗು ಅಂಟಿಸಿದ ಕಪ್ಪೆ ಚಿತ್ರವಿದ್ದ ಒಂದು ಟ್ಯಾಬ್ಲೆಟ್ ತೆಗೆದ. ಮಸುಯೊ ಅದರಲ್ಲಿ ಸಂಘದ ಪುಟ ತೆರೆದು ನೋಡಿದಳು. ತೆರೆಯಿತು.

ಸೋಮವಾರ ಅವಳು ರಜೆ ಹಾಕಿ, ಹೊಸ ಹೆಸರಿನಲ್ಲಿ ಮೊದಲ ಸಲ ಏರಿಸಿಕೊಡಲು ಕಾಮಿದಾನಿಗೆ ಹೋದಳು. ಅಡುಗೆಮನೆಯಲ್ಲಿ ಇಬ್ಬರೂ ಚೀಟಿ ಹರಡಿಕೊಂಡು ಕೂತಿದ್ದಾಗ ಶುನ್‌ಸಾಕು ಬಾಗಿಲಿಗೆ ಬಂದ. ಗಡ್ಡ ಹೆರೆದಿತ್ತು, ಕನ್ನಡಕ ಕೈಯಲ್ಲಿತ್ತು.

“ಚೀಟಿ ಎಲ್ಲ ಇಲ್ಲಿದ್ಯಾ? ನಾನು ಅಲ್ಲಿ ಕಾಯ್ತಾ ಇದೀನಿ.”

“ಇನ್ಮೇಲೆ ನಾನೇ ಮಾಡ್ತೀನಿ,” ಎಂದಳು ಇತ್ಸುಕೊ. ದನಿ ಸಣ್ಣದಾಗಿತ್ತು.

“ಯಾಕೆ? ನನ್ನ ಕಡೆಯಿಂದ ಏನು ತಪ್ಪಾಯ್ತು? ಒಂದು ಮೊಟ್ಟೆ ಹೆಚ್ಚು ಕಮ್ಮಿ ಆಗಿಲ್ಲ.”

“ತಪ್ಪೇನೂ ಆಗ್ಲಿಲ್ಲ. ನೀವು ಓದ್ತೀರಿ.”

“ಓದದೆ ಒತ್ತೋದು ಹೇಗೆ?”

“ಅದೇ.”

ಅವನು ಹೆಂಡತಿಯನ್ನು ನೋಡಿದ, ಮಸುಯೊಳನ್ನು ನೋಡಿದ, ಒಡೆದ ಟ್ಯಾಬ್ಲೆಟ್ಟನ್ನು ನೋಡಿದ. “ಅಲ್ಲಿ ಅಷ್ಟು ದೊಡ್ಡ ಪರದೆ ಇರೋವಾಗ, ಇದರಲ್ಲಿ?” ಎಂದ. ಅವನು ಕನ್ನಡಕ ಮಡಿಚಿ ಜೇಬಿಗೆ ಹಾಕಿಕೊಂಡು ಹೋದ. ಒಳಗಿನ ಕೋಣೆಯಲ್ಲಿ ಟಿವಿಯ ಸದ್ದು ಏರಿತು, ಮತ್ತೂ ಏರಿತು. ಇತ್ಸುಕೊಳ ಬೆರಳು ಎರಡು ಸಲ ತಗುಲಿ ಒಂದು ಪೊಟ್ಟಣದ ಜಾಗದಲ್ಲಿ ಹನ್ನೊಂದು ಬಿತ್ತು. ಮಸುಯೊ ಕೈ ಚಾಚಿದಾಗ ಅವಳು, “ಬಿಡಿ, ನಾನೇ ಅಳಿಸ್ತೀನಿ” ಎಂದಳು.

ಆ ವಾರ ನಾಲ್ಕು ಮನೆಗಳ ಚೀಟಿಯಷ್ಟೇ ಬಂದಿತ್ತು. ಒಂದು ಮನೆಯ ಯಜಮಾನ ತನ್ನ ಫೋನಿನಿಂದಲೇ ಬೇರೆ ತರಿಸಿಕೊಳ್ಳತೊಡಗಿದ. ಇನ್ನೆರಡು ಮನೆಯ ಗಂಡಸರು, ತೊಕಿವಾ ಮನೆಯಲ್ಲಿ ಏನೋ ಜಗಳವಂತೆ, ನಮಗೆ ಯಾಕೆ ಉಸಾಬರಿ ಎಂದು ಸದಸ್ಯತ್ವವನ್ನೇ ಬಿಟ್ಟರು. ಬಿಟ್ಟವರ ಪೈಕಿ ಫುಮಿಯ ಮನೆ ಒಂದು.

ನವೆಂಬರಿನ ಸಭೆಯಲ್ಲಿ ನೊನಾಕಾ ಮುಂದಿನ ಸರದಿಯ ಯಂತ್ರಗಳನ್ನು ಹೆಸರಿಸಿದಳು. ಇತ್ಸುಕೊ ಕೊಂಡ ಟ್ಯಾಬ್ಲೆಟ್ಟು ಅದರಲ್ಲಿತ್ತು. ತಯಾರಿಸಿದ ಕಂಪನಿ ಮುಂದಿನ ಬೇಸಿಗೆಯಿಂದ ಅದನ್ನು ಕೈಬಿಡುತ್ತಿತ್ತು. ಮಸುಯೊ ಈ ಸಲ ಮುಂದೂಡಲಿಲ್ಲ, ತಾರೀಖನ್ನೂ ತಕ್ಷಣ ಹೇಳಲಿಲ್ಲ. ಮೊದಲು ಪುಟ ತೆರೆದವರನ್ನೇ ಅವರ ಸ್ವಂತ ನಂಬರು ಕೇಳಿ ಇಟ್ಟುಕೊಳ್ಳಬೇಕು, ಸೂಚನೆ ಅವರಿಗೇ ಹೋಗಬೇಕು, ಅದಾಗುವವರೆಗೆ ತಾರೀಖಿಲ್ಲ ಎಂದು ಕೂತಳು. ಕುರಿಮೊತೊ ಗೊಣಗಿದ. ನೊನಾಕಾ, “ಅದು ಎರಡು ಸಂಜೆ ಕೆಲಸ, ಮಾಡ್ತೀನಿ” ಎಂದಳು. ಆ ಎರಡು ಸಂಜೆ ಅವಳ ಮಗನನ್ನು ಯಾರು ಕರೆತರುತ್ತಾರೆ ಎಂದು ಮಸುಯೊ ಕೇಳಲಿಲ್ಲ. ಕೇಳಿದರೆ ಬೇಡ ಅನ್ನಬೇಕಾಗುತ್ತಿತ್ತು.

ಸಭೆಯಿಂದ ಬಂದವಳೇ ಅವಳು ಇತ್ಸುಕೊಳ ಸ್ವಂತ ನಂಬರಿಗೆ ಫೋನು ಮಾಡಿದಳು.

“ನಿಮ್ಮದು ಬೇಸಿಗೆ ತನಕ ನಡೆಯತ್ತೆ, ಇತ್ಸುಕೊ-ಸಾನ್. ಆಮೇಲೆ ಅದಕ್ಕೂ ಬಾಗಿಲು ಮುಚ್ಚತ್ತೆ. ಮುಚ್ಚೋಳು ನಾನೇ.”

ಆ ಕಡೆ ನಲ್ಲಿಯ ನೀರು ಸುರಿಯುತ್ತಿತ್ತು, ನಿಂತಿತು.

“ಈ ಸಲ ಮೊದಲೇ ಹೇಳಿದ್ರಿ.”

“ಯಜಮಾನರು?”

“ಇದಾರೆ. ಮಾತಾಡಲ್ಲ. ಕರೆದ್ರೆ ಬರ್ತಾರೆ, ಉಣ್ತಾರೆ, ಹೋಗ್ತಾರೆ. ಮೊನ್ನೆ ತಾವಾಗಿ ಪಾತ್ರೆ ತೊಳೆಯೋಕೆ ಬಂದು ನಿಂತ್ರು. ಎರಡು ಬಟ್ಟಲು ತೊಳೆದು, ಕೈ ಒರೆಸ್ಕೊಂಡು ಹೋದ್ರು.”

“ನೀವೇನಂದ್ರಿ?”

“ಏನನ್ನಲಿ? ಮಿಕ್ಕಿದ್ದು ತೊಳೆದೆ,” ಎಂದಳು ಇತ್ಸುಕೊ. “ಇಡ್ತೀನಿ, ಫುಮಿ ಚೀಟಿ ಹಿಡ್ಕೊಂಡು ಹಿತ್ತಲ ಬಾಗಿಲು ತಟ್ತಾ ಇದಾಳೆ.”